ಅಟ್ಟದಿಂದ ಇಳಿದ ಗಿಟಾರು

ನಗುವುದಿಲ್ಲ ಅಂತ ಮಾತು ಕೊಟ್ಟರೆ ನಿಮಗೊಂದು ಗುಟ್ಟು ಹೇಳುತ್ತೇನೆ.

ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ಒಲೆಕಟ್ಟೆ ಒರೆಸಿ, ಮನೆಯ ಹಿರಿಯರು ಮಲಗಿದ ಮೇಲೆ ನೀವೆಲ್ಲ ಏನು ಮಾಡುತ್ತೀರಿ? ಅಕ್ಕಿ ಆರಿಸುತ್ತೀರಿ, ಧಾರಾವಾಹಿ ನೋಡುತ್ತೀರಿ, ಇಲ್ಲವೇ ಈ ಪತ್ರಿಕೆಯನ್ನು ಎದೆಯ ಮೇಲಿಟ್ಟುಕೊಂಡು ಒಂದು ಕೋಳಿನಿದ್ದೆ ತೆಗೆಯುತ್ತೀರಿ. 45 ವರ್ಷದವರೆಗೆ ನಾನೂ ಹಾಗೇ ಇದ್ದವಳು. ಈಗ ಒಂದೂವರೆ ವರ್ಷದಿಂದ ಆ ಹೊತ್ತಿನಲ್ಲಿ ಟಿ.ವಿ. ಮುಂದೆ ಚಾಪೆ ಹಾಸಿಕೊಂಡು ವಿಡಿಯೋ ಗೇಮ್ ಆಡುತ್ತೇನೆ. ಹೌದು ಕಣ್ರೀ, ಆಡುತ್ತೇನೆ. ಅಷ್ಟೇ ಅಲ್ಲ, ಯಾವುದು ಒಳ್ಳೆಯ ಆಟ, ಯಾವುದರಲ್ಲಿ ಏನು ಕೊರತೆ ಅಂತ ನನ್ನದೇ ಅಭಿಪ್ರಾಯಗಳೂ ಇವೆ. ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಆದರೆ ಅಭಿಪ್ರಾಯ ಇಟ್ಟುಕೊಳ್ಳುವುದಕ್ಕೆ ಯಾವ ಸರ್ಟಿಫಿಕೇಟು ಬೇಕು ಹೇಳಿ?

ನಮ್ಮದು ತಿಪಟೂರಿನ ಹತ್ತಿರದ ಒಂದು ಸಣ್ಣ ಊರು. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2012ರಲ್ಲಿ ಬೆಂಗಳೂರಿನ ನನ್ನ ತಮ್ಮ ಹೊಸ ಯಂತ್ರ ಕೊಂಡು, ತನ್ನ ಹಳೆಯ ಪ್ಲೇಸ್ಟೇಷನ್ 2 ಅನ್ನು ನನ್ನ ಮಗನಿಗೆ ಕೊಟ್ಟ. ಜತೆಗೆ ಒಂದಷ್ಟು ಡಿಸ್ಕು, ಒಂದು ಪ್ಲಾಸ್ಟಿಕ್ ಗಿಟಾರು. ಪ್ರಪಂಚದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಯಂತ್ರವಂತೆ ಅದು. ಆಗ ನನಗೆ ಅದೆಲ್ಲ ಏನು ಗೊತ್ತು? ಹುಡುಗ ಶಾಲೆಯಿಂದ ಬಂದವನೇ ಅದರ ಮುಂದೆ ಕೂರುತ್ತಿದ್ದ. ನಾನು ಅವಲಕ್ಕಿ ಒಗ್ಗರಣೆ ತಂದಿಟ್ಟು, "ಎಷ್ಟು ಹೊತ್ತೋ? ಇನ್ನೂ ಎಷ್ಟು ಹೊತ್ತು?" ಅಂತ ಕೇಳಿ ಒಳಗೆ ಹೋಗುತ್ತಿದ್ದೆ. ಐದು ವರ್ಷ ಹೀಗೇ ನಡೆಯಿತು.

2017ರಲ್ಲಿ ಅವನಿಗೆ ಎಸ್.ಎಸ್.ಎಲ್.ಸಿ. ಜನವರಿಯಲ್ಲಿ ಗಣಿತದ ಪರೀಕ್ಷೆಯೊಂದರಲ್ಲಿ ನೂರಕ್ಕೆ 48 ಬಂತು. ಸಂಕ್ರಾಂತಿಯ ಮಾರನೆಯ ದಿನ ರಾತ್ರಿ ಹನ್ನೊಂದಕ್ಕೆ ಎದ್ದು ನೋಡಿದರೆ ದೀಪ ಆರಿಸಿಕೊಂಡು ಆಡುತ್ತಿದ್ದಾನೆ. ನನಗೆ ಎಲ್ಲಿತ್ತೋ ಸಿಟ್ಟು, ನೇರ ಹೋಗಿ ವೈರಿಗೆ ಕೈ ಹಾಕಿದೆ. ಅವನು ಕೂಗಾಡಲಿಲ್ಲ. "ಅಮ್ಮಾ, ಒಂದು ನಿಮಿಷ. ಸೇವ್ ಮಾಡ್ಕೋತೀನಿ" ಅಂದ. ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ. ಕಿತ್ತೇ ಬಿಟ್ಟೆ. ಮಾರನೆಯ ಬೆಳಿಗ್ಗೆ ಎಲ್ಲವನ್ನೂ ಒಂದು ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದೆ.

ಮಗ ಪಾಸಾದ. ತುಮಕೂರಿಗೆ ಹೋಗಿ ಡಿಪ್ಲೊಮಾ ಮಾಡಿದ. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಕೆಟ್ಟ ಹುಡುಗನಲ್ಲ, ತಿಂಗಳಿಗೆ ಸರಿಯಾಗಿ ಮನೆಗೆ ದುಡ್ಡು ಕಳಿಸುತ್ತಾನೆ. ಆದರೆ ನನ್ನ ಜತೆ ಅವನ ಮಾತು ಮಾತ್ರ ಅಂದಿನಿಂದ ನಾಲ್ಕೇ ನಾಲ್ಕು. "ಊಟ ಆಯ್ತೇನೋ?" "ಹ್ಞೂಂ." "ಹುಷಾರಾಗಿದೀಯಾ?" "ಹ್ಞೂಂ." ಬೆಳೆದ ಗಂಡುಮಕ್ಕಳೇ ಹೀಗೆ ಅಂತ ನೆರೆಹೊರೆಯವರು ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಸಮಾಧಾನ ಮಾಡಿಕೊಂಡಿದ್ದೆ.

ಈಗ ಗಿಟಾರಿನ ವಿಷಯಕ್ಕೆ ಬರುತ್ತೇನೆ. 2024ರ ಸಂಕ್ರಾಂತಿಯ ಹಿಂದಿನ ದಿನ ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಜಾರಿಬಿದ್ದು ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಬಿಚ್ಚಿದಾಗ ಬೆರಳುಗಳು ಒಣಗಿದ ನುಗ್ಗೇಕಾಯಿಯಂತೆ ಸೆಟೆದಿದ್ದವು. ಚಪಾತಿ ಹಿಟ್ಟು ನಾದಲಾರೆ, ಸೀರೆಯ ನೆರಿಗೆ ಹಿಡಿಯಲಾರೆ. ಡಾಕ್ಟರು ಬೆರಳಿಗೆ ವ್ಯಾಯಾಮ ಹೇಳಿಕೊಟ್ಟರು. ಚೆಂಡು ಹಿಸುಕಬೇಕು, ಬೆರಳು ಒಂದೊಂದಾಗಿ ಮಡಿಸಿ ಬಿಡಬೇಕು. ಎರಡು ದಿನ ಮಾಡಿದೆ, ಮೂರನೆಯ ದಿನ ಬೇಜಾರು. ಯುಗಾದಿಗೆ ಧೂಳು ಹೊಡೆಯುವಾಗ ಅಟ್ಟದ ಗಂಟು ಕೆಳಗೆ ಬಂತು. ಪಿ.ಯು.ಸಿ. ಓದುತ್ತಿದ್ದ ಮಗಳು ಗಿಟಾರನ್ನು ಎತ್ತಿ ನೋಡಿ, "ಅಮ್ಮಾ, ಇದರಲ್ಲಿ ಎಡಗೈ ಬೆರಳಿಗೇ ಕೆಲಸ. ಚೆಂಡು ಹಿಸುಕೋ ಬದಲು ಇದನ್ನ ಮಾಡು" ಅಂದಳು. ತಮಾಷೆಗೆ ಅಂದದ್ದು. ನಾನು ನಿಜಕ್ಕೆ ತಗೊಂಡೆ.

ಆ ಆಟದ ಹೆಸರು ಗಿಟಾರ್ ಹೀರೋ. 2005ರಲ್ಲಿ ಬಂದದ್ದು. ಅಮೆರಿಕದ ಹಾರ್ಮೋನಿಕ್ಸ್ ಎಂಬ ಕಂಪನಿ ಮಾಡಿದ್ದು. ಸಂಗೀತ ಕಲಿಯದವರಿಗೂ ನುಡಿಸುವ ಸುಖ ಒಂದಿಷ್ಟು ಸಿಗಲಿ ಅಂತ ಇಬ್ಬರು ಗೆಳೆಯರು 1995ರಲ್ಲಿ ಆ ಕಂಪನಿ ಕಟ್ಟಿದರಂತೆ. ಗಿಟಾರಿನ ಕೊರಳಿನಲ್ಲಿ ಐದು ಗುಂಡಿ: ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ. ಪರದೆಯ ಮೇಲೆ ಅದೇ ಬಣ್ಣದ ಬಿಲ್ಲೆಗಳು ನಮ್ಮ ಕಡೆಗೆ ಉರುಳಿಕೊಂಡು ಬರುತ್ತವೆ. ಬಿಲ್ಲೆ ಗೆರೆಗೆ ಬಂದ ಕ್ಷಣಕ್ಕೆ ಎಡಗೈಯಲ್ಲಿ ಆ ಬಣ್ಣದ ಗುಂಡಿ ಒತ್ತಿ, ಬಲಗೈಯಲ್ಲಿ ಪಟ್ಟಿ ಮೀಟಬೇಕು. ಮೊದಲ ದರ್ಜೆಯಲ್ಲಿ ಮೂರೇ ಗುಂಡಿ, ಮುಂದಿನದರಲ್ಲಿ ನಾಲ್ಕು, ಆಮೇಲೆ ಐದು.

ಇದು ನಮಗೆ ಬಾರದ ವಿದ್ಯೆಯೇನಲ್ಲ ನೋಡಿ. ಎಣ್ಣೆ ಕಾಯಬೇಕು, ಸಾಸಿವೆ ಸಿಡಿಯಬೇಕು, ಆಮೇಲೆ ಬೇಳೆ, ಆಮೇಲೆ ಕರಿಬೇವು. ಒಂದು ಕ್ಷಣ ಮುಂಚೆ ಹಾಕಿದರೆ ಹಸಿ, ಒಂದು ಕ್ಷಣ ತಡವಾದರೆ ಕಪ್ಪು. ದಿನಾ ಒಗ್ಗರಣೆ ಹಾಕುವ ಕೈಗೆ ಹೊತ್ತಿನ ಅಂದಾಜು ಇದ್ದೇ ಇರುತ್ತದೆ. ಹೈಸ್ಕೂಲಿನಲ್ಲಿ ಎರಡು ವರ್ಷ ಪಾಠ ಹೇಳಿಸಿಕೊಂಡಿದ್ದ ನನಗೆ ಸರಳೆವರಸೆ, ಜಂಟಿವರಸೆ ಇನ್ನೂ ನೆನಪಿತ್ತು. ಆ ರಾಕ್ ಹಾಡುಗಳ ಮಾತು ಒಂದೂ ಅರ್ಥವಾಗಲಿಲ್ಲ. ಆದರೆ ತೊಡೆಯ ಮೇಲೆ ತಾಳ ಹಾಕಿ ನೋಡಿದರೆ ಹೆಚ್ಚಿನವು ನಮ್ಮ ಆದಿತಾಳದ ಎಂಟು ಅಕ್ಷರಕ್ಕೆ ಸರಿಯಾಗಿ ಕೂರುತ್ತವೆ! ಒಳಕೋಣೆಯಲ್ಲಿ ಮಲಗಿದ್ದ ಅತ್ತೆಯವರು ಮೊದಮೊದಲು "ಏನೇ ಇದು ಗಲಾಟೆ" ಅಂತ ಬೈದರು. ಒಂದು ವಾರ ಕಳೆದ ಮೇಲೆ ಅಲ್ಲಿಂದಲೇ "ತಪ್ಪಿತು ಕಣೇ ತಾಳ" ಅನ್ನತೊಡಗಿದರು. ಐವತ್ತು ವರ್ಷ ಭಜನೆಗೆ ತಾಳ ಹಾಕಿದ ಕೈ ಅವರದು. ಸುಳ್ಳು ಹೇಳುವುದಿಲ್ಲ.

ಈ ಆಟದ ಬಗ್ಗೆ ನನ್ನ ಅಭಿಪ್ರಾಯ ಏನೆಂದರೆ, ಇದು ಸಂಗೀತ ಕಲಿಸುವುದಿಲ್ಲ. ಇದನ್ನು ಆಡಿ ನಿಜವಾದ ಗಿಟಾರು ನುಡಿಸುತ್ತೇನೆ ಅಂದರೆ ಅದು ಭ್ರಮೆ. ಇನ್ನೊಬ್ಬರು ಹಾಕಿದ ಗೆರೆ ದಾಟುವಂತಿಲ್ಲ, ನಮ್ಮದೊಂದು ಸಂಗತಿ ಸೇರಿಸುವಂತಿಲ್ಲ. ಆದರೆ ಕೇಳುವುದನ್ನು ಕಲಿಸುತ್ತದೆ. ನೀವು ಒಂದು ಬಿಲ್ಲೆ ತಪ್ಪಿಸಿದರೆ ಹಾಡು ನಿಲ್ಲುವುದಿಲ್ಲ. ಡ್ರಮ್ಮು ನಡೆಯುತ್ತದೆ, ಹಾಡುವವನು ಹಾಡುತ್ತಾನೆ, ನಿಮ್ಮ ಗಿಟಾರಿನ ಸದ್ದು ಮಾತ್ರ ಮಾಯ. ಆಗ ಗೊತ್ತಾಗುತ್ತದೆ, ಇಷ್ಟು ಹೊತ್ತು ಅಲ್ಲಿ ನಮ್ಮ ಪಾಲು ಎಷ್ಟಿತ್ತು ಅಂತ. ಕೈ ಮುರಿದುಕೊಂಡು ಆರು ವಾರ ಕೂತಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಆಯಿತಲ್ಲವೇ! ತುಂಬಾ ತಪ್ಪಿದರೆ ಮಾತ್ರ ಪರದೆಯ ಜನ ಕೂಗಿ ಕೆಳಗಿಳಿಸುತ್ತಾರೆ.

ಬೆರಳು ಇದರಿಂದಲೇ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಸರಿಮಾಡಿದ್ದು ಡಾಕ್ಟರು ಹೇಳಿದ ವ್ಯಾಯಾಮವೇ. ದಿನಕ್ಕೆರಡು ಸಲ ಅದನ್ನು ಮುಗಿಸಿದರೆ ಮಾತ್ರ ಆಟ ಅಂತ ನನಗೆ ನಾನೇ ಆಸೆ ತೋರಿಸಿಕೊಂಡೆ, ಅಷ್ಟೇ. ನೀಲಿ ಗುಂಡಿ ಕಿರುಬೆರಳಿನದು. ಅದು ಬಗ್ಗಿ ನೀಲಿಗೆ ಸರಿಯಾಗಿ ಕೂತ ದಿನ ನಾನು ಒಬ್ಬಳೇ ಪಾಯಸ ಮಾಡಿದೆ.

ಇನ್ನೊಂದು ಸಂಗತಿ. ಈ ಆಟದಲ್ಲಿ ಆಡುವವರು ತಮ್ಮ ವಾದ್ಯಮೇಳಕ್ಕೆ ಒಂದು ಹೆಸರಿಡಬೇಕು. ಮೊದಲ ದಿನ ಮಗಳು ಯಂತ್ರ ಹಾಕಿದಾಗ ಅಣ್ಣ ಇಟ್ಟಿದ್ದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಇತ್ತು: 'ಅಮ್ಮನ ಅವಲಕ್ಕಿ.' ಮಗಳು ನಕ್ಕಳು. ನಾನು ಮಾತಾಡದೆ ಗಿಟಾರಿನ ಧೂಳು ಒರೆಸಿದೆ.

ಎರಡನೆಯದು ಕಾರು ಓಡಿಸುವ ಆಟ, ಗ್ರಾನ್ ಟುರಿಸ್ಮೊ. ಇದರ ಮೊದಲನೆಯದು 1997ರಲ್ಲಿ ಜಪಾನಿನಲ್ಲಿ ಬಂತು. ಕಜುನೊರಿ ಯಮಾವುಚಿ ಎಂಬ ಕಾರಿನ ಹುಚ್ಚಿನವರು ಮಾಡಿದ್ದು. ನಮ್ಮಲ್ಲಿದ್ದದ್ದು ನಾಲ್ಕನೆಯದು. ಅದರಲ್ಲಿ 700ಕ್ಕೂ ಹೆಚ್ಚು ಕಾರುಗಳು. ನನ್ನ ತಮ್ಮ ಹಿಂದೆ ಕಂಪ್ಯೂಟರ್ ಅಂಗಡಿಯಲ್ಲಿ ರೋಡ್ ರ್‍ಯಾಶ್ ಎಂಬ ಮೋಟಾರ್ ಸೈಕಲ್ ಆಟ ಆಡುತ್ತಿದ್ದುದನ್ನು ನೋಡಿದ್ದೆ. ಅದರಲ್ಲಿ ಪಕ್ಕದವನನ್ನು ಒದ್ದು ಬೀಳಿಸಿ ಮುಂದೆ ಹೋಗುವುದು. ಇದು ಹಾಗಲ್ಲ. ಇದರಲ್ಲಿ ಹೆಚ್ಚಿನ ಸ್ಪರ್ಧೆಗಳಿಗೆ ಇಳಿಯಬೇಕಾದರೆ ಲೈಸೆನ್ಸು ಬೇಕು! ಮೊದಲ ಪಾಠ ಏನು ಗೊತ್ತೇ? ಗಾಡಿ ಹೊರಡಿಸಿ, ಗೆರೆ ಹಾಕಿದ ಜಾಗದೊಳಗೆ ನಿಲ್ಲಿಸುವುದು. ಅಷ್ಟೇ. ಆಮೇಲೆ ಒಂದು ತಿರುವು, ಆಮೇಲೆ ಇನ್ನೊಂದು. ಚಿನ್ನ, ಬೆಳ್ಳಿ, ಕಂಚು ಅಂತ ದರ್ಜೆ ಕೊಡುತ್ತಾರೆ. ಇಂಥ ಆಟವನ್ನೇ ಆಡಿ ಆಡಿ, ಯಾನ್ ಮಾರ್ಡನ್‌ಬರೊ ಎಂಬ ಹುಡುಗ 2011ರಲ್ಲಿ ಸ್ಪರ್ಧೆಯೊಂದನ್ನು ಗೆದ್ದು, ನಿಜವಾದ ರೇಸಿನ ಕಾರು ಓಡಿಸಿದ. 2023ರಲ್ಲಿ ಅವನ ಕಥೆ ಸಿನಿಮಾ ಆಗಿಯೂ ಬಂತು.

ಇದರಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶ ಇದೆ. ಎಷ್ಟು ಜೋರಾಗಿ ಗೋಡೆಗೆ ಗುದ್ದಿದರೂ ಕಾರಿಗೆ ಒಂದು ಸೊಟ್ಟು ಬೀಳುವುದಿಲ್ಲ. ಸ್ಟೀಲು ಲೋಟ ಕೆಳಗೆ ಬಿದ್ದರೂ ಸೊಟ್ಟಗಾಗುತ್ತದೆ, ಇದೆಂಥ ಕಾರು? ಮಕ್ಕಳು ರಸ್ತೆಗೂ ಇದೇ ಲೆಕ್ಕ ಅಂತ ತಿಳಿಯಬಾರದು. ಉಳಿದಂತೆ, ನಿಧಾನ ಕಲಿಸುವ ರೇಸಿನ ಆಟ ಅಂತ ಇದ್ದರೆ ಅದು ಇದೇ.

ಒಂದು ಮಧ್ಯಾಹ್ನ ನಾನು ಬಿ ಲೈಸೆನ್ಸಿನ ಪಾಠವೊಂದರಲ್ಲಿ ಹದಿನೇಳೋ ಹದಿನೆಂಟೋ ಸಲ ಸೋತು, ಕೊನೆಗೂ ಚಿನ್ನ ತೆಗೆದುಕೊಂಡೆ. ಎದ್ದು ಕುಣಿಯುವುದೊಂದು ಬಾಕಿ. ನೀರು ಕುಡಿದು ಬಂದು ಸೇವ್ ಮಾಡೋಣ ಅಂತ ಅಡಿಗೆಮನೆಗೆ ಹೋದೆ. ಕರೆಂಟು ಹೋಯಿತು! ನಮ್ಮೂರಿನ ಕರೆಂಟಿನ ವಿಷಯ ನಿಮಗೆ ಹೇಳಬೇಕೇ? ಅರ್ಧ ಗಂಟೆಯ ಮೇಲೆ ಬಂದಾಗ ನೋಡಿದರೆ ಚಿನ್ನವೂ ಇಲ್ಲ, ಪಾಠ ಮುಗಿಸಿದ ಗುರುತೂ ಇಲ್ಲ. ಒಂದು ಕ್ಷಣ ನನಗೆ ಅಳುವೇ ಬಂತು. ಪ್ಲಾಸ್ಟಿಕ್ಕಿನ ಆಟಕ್ಕೆ ಅಳುತ್ತೀಯಲ್ಲೇ ಅಂತ ನನಗೆ ನಾನೇ ಬೈದುಕೊಂಡೆ. ಆಗ ಕಿವಿಯಲ್ಲಿ ಕೇಳಿದ ಹಾಗಾಯಿತು: "ಅಮ್ಮಾ, ಒಂದು ನಿಮಿಷ."

ಯಂತ್ರದಲ್ಲಿ ಮೆಮೊರಿ ಕಾರ್ಡು ಅಂತ ಒಂದು ಇರುತ್ತದೆ. ಕೊನೆಗೆ ಯಾವತ್ತು ಏನು ಉಳಿಸಿದ್ದು ಅಂತ ಅದರಲ್ಲಿ ತಾರೀಖು ಬರುತ್ತದೆ. ಮಗಳ ಕೈಲಿ ತೆಗೆಸಿ ನೋಡಿದೆ. ಮಗನ ಹಳೆಯ ಲೆಕ್ಕ 2017ರ ಜನವರಿ 14ಕ್ಕೆ ನಿಂತಿತ್ತು. ನಾನು ವೈರು ಕಿತ್ತದ್ದು ಅದಾದ ಮೇಲೆ.

ಆ ಭಾನುವಾರ ಫೋನು ಮಾಡಿದೆ. "ಏನಮ್ಮಾ, ಈ ಹೊತ್ತಲ್ಲಿ? ಅಜ್ಜಿ ಹುಷಾರಾಗಿದಾರಾ?" ಅಂದ.

"ಎಲ್ಲರೂ ಚೆನ್ನಾಗಿದೀವಿ ಕಣೋ. ಒಂದು ವಿಷಯ ಕೇಳಬೇಕಿತ್ತು. ಬಿ ಲೈಸೆನ್ಸಿನಲ್ಲಿ ಆ ತಿರುವು ಬರುತ್ತಲ್ಲ, ಅಲ್ಲಿ ನಾನು ಎಷ್ಟು ಸಲ ಹೋದರೂ ರಸ್ತೆ ಬಿಟ್ಟು ಮಣ್ಣಿಗೆ ಇಳೀತೀನಿ. ಬ್ರೇಕು ಎಲ್ಲಿ ಹಾಕಬೇಕೋ?"

ಆ ಕಡೆ ಉಸಿರಿಲ್ಲ. ಆಮೇಲೆ "ಅಮ್ಮಾ, ನೀನಾ?" ಅಂದ. ಆಮೇಲೆ ನಕ್ಕ. ಏಳು ವರ್ಷದಿಂದ ನಾನು ಆ ನಗು ಕೇಳಿರಲಿಲ್ಲ.

"ತಿರುವಿನ ಒಳಗೆ ಬ್ರೇಕು ಹಾಕಬೇಡಮ್ಮಾ. ರಸ್ತೆ ನೆಟ್ಟಗಿರೋವಾಗಲೇ ಹಾಕಿ ಮುಗಿಸು. ಹೊರಗಿನ ಅಂಚಿಂದ ಶುರು ಮಾಡು, ಒಳ ಅಂಚು ಮುಟ್ಟು, ಮತ್ತೆ ಹೊರಗಿನ ಅಂಚಿಗೆ ಬಿಡು. ನಿಧಾನಕ್ಕೆ ಹೋಗು, ಜೋರಾಗಿ ಬಾ." ನಲವತ್ತು ನಿಮಿಷ ಮಾತಾಡಿದ. ನಾನು ದಿನಸಿ ಚೀಟಿಯ ಹಿಂದೆ ಬರೆದುಕೊಂಡೆ.

ಕೊನೆಗೆ ಧೈರ್ಯ ಮಾಡಿ ಕೇಳಿದೆ. "ಆವತ್ತು ರಾತ್ರಿ ಏನು ಆಡ್ತಿದ್ದೆಯೋ?" ಸ್ವಲ್ಪ ತಡೆದು ಹೇಳಿದ. 300 ಕಿಲೋಮೀಟರಿನ ಓಟವಂತೆ. ನಿಲ್ಲಿಸದೆ 60 ಸುತ್ತು. ಮಧ್ಯದಲ್ಲಿ ಉಳಿಸುವ ಹಾಗಿಲ್ಲ. ಅದನ್ನು ಅವನು ಆಗ ತಾನೇ ಗೆದ್ದಿದ್ದನಂತೆ.

"ತಪ್ಪಾಯಿತು ಕಣೋ" ಅಂದೆ. ಹೆತ್ತ ಮಗನಿಗೆ ಆ ಮಾತು ಹೇಳುವುದು ಎಷ್ಟು ಕಷ್ಟ ಅಂತ ಹೇಳಿದವರಿಗೇ ಗೊತ್ತು.

"ಆ ಓಟ ಹೋಗಿದ್ದಕ್ಕಲ್ಲಮ್ಮಾ" ಅಂದ. "ಐದು ವರ್ಷದಲ್ಲಿ ಏನು ಆಡ್ತಿದೀಯ ಅಂತ ಒಂದಿನಾನೂ ಕೇಳಲಿಲ್ಲ ನೀನು. ಎಷ್ಟು ಹೊತ್ತು ಅಂತ ಮಾತ್ರ ಕೇಳ್ತಿದ್ದೆ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಷ್ಟರಲ್ಲಿ ಅನ್ನ ತಳ ಹಿಡಿದ ವಾಸನೆ ಬಂತು. "ಇಡ್ತೀನಿ ಕಣೋ, ಅನ್ನ ಸೀದಿತು" ಅಂದೆ. "ಸರಿ, ಆ ತಿರುವು ಏನಾಯ್ತು ಅಂತ ಹೇಳು" ಅಂದ. ಆ ರಾತ್ರಿ ಸೀದ ಅನ್ನವನ್ನೇ ಎಲ್ಲರೂ ಉಂಡರು. ಯಜಮಾನರು ಒಂದು ಮಾತೂ ಆಡಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ಅವನು ಮೂರು ದಿನ ರಜಾ ಹಾಕಿ ಬಂದ. ಚಕ್ರದ ಹಲಗೆಯ ಆಟವನ್ನು ಅವನೇ ಪಕ್ಕದಲ್ಲಿ ಕೂತು ಕಲಿಸಿದ. ಸ್ಕೇಟ್‌ಬೋರ್ಡು ಅಂದರೆ ನಾಲ್ಕು ಸಣ್ಣ ಚಕ್ರದ ಒಂದು ಹಲಗೆ. ಟೋನಿ ಹಾಕ್ ಎಂಬವರು ಇದರಲ್ಲಿ ಹೆಸರಾದವರು. 1999ರಲ್ಲಿ, 31ರ ವಯಸ್ಸಿನಲ್ಲಿ, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ಹಲಗೆಯ ಮೇಲೇ ಇಳಿದರು. ಅದೇ ದಿನ, ಅದೇ ಜನರ ಎದುರಿಗೆ ಮತ್ತೆ ಮತ್ತೆ ಬಿದ್ದು, ಎದ್ದು, ಕೊನೆಗೆ ಸಾಧಿಸಿದ್ದು. ಅವರ ಹೆಸರಿನ ಆಟವೂ ಅದೇ ವರ್ಷ ಬಂತು. ನಮ್ಮಲ್ಲಿರುವುದು 2001ರ ಮೂರನೆಯದು. ಅದರಲ್ಲಿ ಮೊದಲಿಗೇ ಸಿಗುವ ಆಟಗಾರರ ಸಾಲಿನಲ್ಲಿ ಒಬ್ಬಳೇ ಒಬ್ಬಳು ಹೆಂಗಸು, ಎಲಿಸಾ ಸ್ಟೀಮರ್. ನಿಜವಾಗಿಯೂ ಇರುವವಳೇ. ನಾನು ಬೇರೆ ಯಾರನ್ನೂ ಮುಟ್ಟಲಿಲ್ಲ.

ಎರಡು ನಿಮಿಷದ ಆಟ. ಅಷ್ಟರಲ್ಲಿ ಹಾರಬೇಕು, ತಿರುಗಬೇಕು, ಕಂಬಿಯ ಮೇಲೆ ಜಾರಬೇಕು. ಒಂದಕ್ಕೊಂದು ಕೊಂಡಿ ಹಾಕಿದಷ್ಟೂ ಅಂಕ ಗುಣಾಕಾರವಾಗಿ ಏರುತ್ತದೆ. ಆದರೆ ಆ ಅಂಕ ನಿಮ್ಮ ಕೈಗೆ ಬರುವುದು ಸರಿಯಾಗಿ ನೆಲಕ್ಕೆ ಇಳಿದ ಮೇಲೆ. ಇನ್ನೊಂದೇ ಒಂದು ಅಂತ ಆಸೆಬಿದ್ದು ಬಿದ್ದರೆ ಆ ಸಾಲಿನದಷ್ಟೂ ಸೊನ್ನೆ. ಅತಿ ಆಸೆ ಗತಿಕೇಡು ಅನ್ನುವುದನ್ನು ಇಷ್ಟು ಚೆನ್ನಾಗಿ ಹೇಳುವ ಆಟ ಇನ್ನೊಂದು ನಾನು ಕಂಡಿಲ್ಲ. ಸಂಗೀತದ ಆಟದಲ್ಲಿ ಗೆರೆ ಅವರದು, ರೇಸಿನಲ್ಲಿ ದಾರಿ ಅವರದು. ಇಲ್ಲಿ ಮಾತ್ರ ದಾರಿ ನಮ್ಮದು. ಅದಕ್ಕೇ ಮೂರರಲ್ಲಿ ನನ್ನ ಮೊದಲ ಅಂಕ ಇದಕ್ಕೆ. ಬೀಳುವುದು ನೋಡಲು ಕಷ್ಟ. ಹಿತ್ತಲಲ್ಲಿ ಬಿದ್ದವಳಿಗೆ ಇನ್ನೂ ಕಷ್ಟ. ಎಲಿಸಾ ಮಾತ್ರ ದಡಕ್ಕನೆ ಎದ್ದು ನಿಲ್ಲುತ್ತಾಳೆ. ನಿಜವಾದ ಹಲಗೆಯ ಮೇಲೆ ಹಾಗಲ್ಲ, ಶಿರಸ್ತ್ರಾಣವಿಲ್ಲದೆ ಮಕ್ಕಳನ್ನು ಬಿಡಬೇಡಿ. ಆದರೆ ಇದು ಪೋಲಿ ಹುಡುಗರ ಆಟ ಅಂತಲೂ ತಳ್ಳಿಹಾಕಬೇಡಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದರಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ.

ಇಷ್ಟು ಹೇಳಿದ ಮೇಲೆ, ಮಕ್ಕಳನ್ನು ಹೊತ್ತುಗೊತ್ತಿಲ್ಲದೆ ಆಡಲು ಬಿಡಿ ಅನ್ನುತ್ತೀನಿ ಅಂತ ತಿಳಿಯಬೇಡಿ. ಪರೀಕ್ಷೆಯ ಹೊತ್ತಿನಲ್ಲಿ ರಾತ್ರಿ ಹನ್ನೊಂದರವರೆಗೆ ಆಡುವುದು ತಪ್ಪು ಅಂತಲೇ ನಾನು ಇವತ್ತಿಗೂ ಹೇಳುವುದು. ಮಗನ ಎದುರಿಗೂ ಹೇಳಿದೆ, ಒಪ್ಪಿಕೊಂಡ. ಹಣ ಕಟ್ಟಿ ಆಡುವ ಆಟಗಳ ಹತ್ತಿರವಂತೂ ಬಿಡಲೇಬೇಡಿ. ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಗೀಕರಿಸಿತು. ನಾನು ಹೇಳಿದ ಈ ಹಳೆಯ ಡಿಸ್ಕುಗಳು ಒಮ್ಮೆ ಕೊಂಡರೆ ಮುಗಿಯಿತು, ಮತ್ತೆ ಕಾಸು ಕೇಳುವುದಿಲ್ಲ. ಫೋನಿನಲ್ಲಿ ಬರುವ ಎಷ್ಟೋ ಆಟಗಳು ಹೆಜ್ಜೆಹೆಜ್ಜೆಗೂ ಕೈ ಚಾಚುತ್ತವೆ. ಆ ವ್ಯತ್ಯಾಸ ತಾಯಂದಿರಿಗೆ ಗೊತ್ತಿರಬೇಕು. ಗೊತ್ತಾಗಬೇಕಾದರೆ ಒಮ್ಮೆ ಪಕ್ಕದಲ್ಲಿ ಕೂರಬೇಕು.

ನಿಲ್ಲಿಸು ಅನ್ನುವುದಕ್ಕೆ ಮುಂಚೆ ಒಂದು ನಿಮಿಷ ಕೊಡಿ, ಉಳಿಸಿಕೊಳ್ಳಲಿ. ಮಗ ಹೇಳಿದ ಬ್ರೇಕಿನ ಪಾಠವೂ ಅದೇ. ತಿರುವಿನ ಒಳಗೆ ಹಾಕಿದರೆ ಗಾಡಿ ರಸ್ತೆ ಬಿಡುತ್ತದೆ. ನಾನು ಹಾಕಿದ್ದು ತಿರುವಿನ ಒಳಗೆ.

ಆ ಬಿ ಲೈಸೆನ್ಸಿನಲ್ಲಿ ಮತ್ತೆ ಚಿನ್ನ ಬಂತೇ ಅಂತ ಕೇಳುತ್ತೀರಾ? ಇಲ್ಲ, ಬೆಳ್ಳಿ. ಬೆಳ್ಳಿಯನ್ನೇ ಸೇವ್ ಮಾಡಿಟ್ಟುಕೊಂಡಿದ್ದೇನೆ. ಮಗ ಪ್ರತಿ ಭಾನುವಾರ ಫೋನು ಮಾಡಿ, "ಚಿನ್ನ ಆಯ್ತೇನಮ್ಮಾ?" ಅನ್ನುತ್ತಾನೆ. ಆಮೇಲೆ "ಊಟ ಆಯ್ತಾ?" ಅಂತ ಅವನೇ ಕೇಳುತ್ತಾನೆ.

ಗಂಟೆ ಎರಡಾಯಿತು. ಅತ್ತೆಯವರು ಮಲಗಿದರು. ಕರೆಂಟು ಇದೆ. ನಾನಿನ್ನು ಬರಲೇ?